ಹಸಿರಾಗಿಯೇ ಸೊರಗಿದ ಶುಂಠಿ: ಶನಿವಾರಸಂತೆ ಕಡೆಯ ಒಂದು ಗದ್ದೆಯ ಪ್ರಕರಣ

ಪುಷ್ಯ ಮಳೆ ಜಡಿ ಹಿಡಿದಿತ್ತು. ಬೆಳಿಗ್ಗೆ ನಮ್ಮ ಕಾಲೇಜಿನ ಪ್ರಯೋಗಾಲಯದ ಬಾಗಿಲು ತೆಗೆಯಲು ಹೋದಾಗ ವರಾಂಡದಲ್ಲಿ ಒಬ್ಬರು ಗೋಣಿಚೀಲ ಹಿಡಿದು ನಿಂತಿದ್ದರು. ಶನಿವಾರಸಂತೆ ಕಡೆಯ ರೈತರು. ಮೊದಲ ಬಸ್ಸಿಗೆ ಮಡಿಕೇರಿಗೆ ಬಂದಿದ್ದರು. ಚೀಲದಲ್ಲಿ ಶುಂಠಿಯ ನಾಲ್ಕು ಬುಡ ಇತ್ತು.

"ಮೇಡಂ, ಎರಡು ಸಲ ಔಷಧಿ ಹಾಕಿದೆ. ನಿಲ್ತಾ ಇಲ್ಲ. ಇದು ಏನು ಅಂತ ನೋಡಿ ಹೇಳಿ" ಅಂದರು.

ಒಂದೂವರೆ ಎಕರೆ ಗದ್ದೆ. ಹಿಂದಿನ ವರ್ಷದವರೆಗೂ ಭತ್ತ. ಈ ಸಲ ಮೊದಲ ಬಾರಿಗೆ ಶುಂಠಿ. ಬಿತ್ತನೆ ಶುಂಠಿಯನ್ನು ಹೊರಗಿನಿಂದ ತರಿಸಿದ್ದರು. ಏಪ್ರಿಲ್‌ನಲ್ಲಿ ಏರುಮಡಿ ಮಾಡಿ ನಾಟಿ. ಜೂನ್ ಕೊನೆಯವರೆಗೆ ಗದ್ದೆ ನೋಡಲು ಚೆಂದ ಇತ್ತಂತೆ. ಆಮೇಲೆ ಒಂದು ಮಡಿಯ ತುದಿಯಲ್ಲಿ ಐದಾರು ಗಿಡ ಬಾಡಿದವು. ಅಂಗಡಿಯವರು ಕೊಳೆ ರೋಗ ಅಂದರು. ಮೆಟಲಾಕ್ಸಿಲ್ ಇರುವ ಪುಡಿ ಕೊಟ್ಟರು. ಅದು ಆಯಿತು. ಕಾಪರ್ ಆಕ್ಸಿಕ್ಲೋರೈಡ್ ಬುಡಕ್ಕೆ ಸುರಿದರು. ಅದೂ ಆಯಿತು. ಬಾಡುವುದು ಮಾತ್ರ ಮಡಿಯಿಂದ ಮಡಿಗೆ ಹೋಗುತ್ತಲೇ ಇತ್ತು.

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಮೊದಲ ಸುತ್ತಿನಲ್ಲಿ ನಾನು ತಪ್ಪು ಉತ್ತರ ಕೊಟ್ಟೆ. ಪ್ಲೇಟು ಸರಿ ಇತ್ತು, ಸೂಕ್ಷ್ಮದರ್ಶಕ ಸರಿ ಇತ್ತು. ತಪ್ಪಿದ್ದು ನಾನು ಕತ್ತರಿಸಿದ ತುಂಡು.

ಮೊದಲ ಉತ್ತರ

ಚೀಲದ ಶುಂಠಿ ಪೂರ್ತಿ ಕೊಳೆತಿತ್ತು. ಒತ್ತಿದರೆ ಗೆಡ್ಡೆ ಒಳಗೆ ಇಳಿಯುತ್ತಿತ್ತು, ನಾತ ಬರುತ್ತಿತ್ತು. ಅದರಲ್ಲೇ ಒಂದು ತುಂಡು ತೆಗೆದುಕೊಂಡೆ. ನೀರಿನಲ್ಲಿ ಜಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅಡ್ಡಗೋಡೆ ಇಲ್ಲದ ದಪ್ಪ ಎಳೆಗಳು ಕಂಡವು. ಅದು ಪಿಥಿಯಮ್. ಶುಂಠಿಯ ಮೆದು ಕೊಳೆಗೆ ಹೆಸರಾದ ಜೀವಿ. (ಇದನ್ನು ಎಲ್ಲರೂ ಶಿಲೀಂಧ್ರ ಅಂತಾರೆ. ನಿಜಕ್ಕೂ ಅದು ಪಾಚಿಗಳಿಗೆ ಹತ್ತಿರದ ಬೇರೆಯೇ ಗುಂಪು. ಮೆಟಲಾಕ್ಸಿಲ್ ಕೆಲಸ ಮಾಡುವುದು ಆ ಗುಂಪಿನ ಮೇಲೆ.) ಪೋಷಕ ಅಗರ್ ಪ್ಲೇಟಿನಲ್ಲಿ (ಬ್ಯಾಕ್ಟೀರಿಯಾದ ಊಟ ಬೆರೆಸಿದ ಜೆಲ್ಲಿ ಹುಯ್ದ ತಟ್ಟೆ) ಒಂದೇ ರಾತ್ರಿಗೆ ಕೆನೆ ಬಣ್ಣದ ಬ್ಯಾಕ್ಟೀರಿಯಾ ಹಾಸಿಕೊಂಡವು. ಕಿಂಗ್ಸ್ ಬಿ ಅನ್ನುವ ಇನ್ನೊಂದು ಮಾಧ್ಯಮದಲ್ಲಿ, ಅಂದರೆ ಇನ್ನೊಂದು ಬಗೆಯ ಊಟದಲ್ಲಿ ಬೆಳೆಸಿ ನೇರಳಾತೀತ ದೀಪ ಹಿಡಿದರೆ ಹಳದಿ ಹಸಿರು ಹೊಳಪು. ಹೊಳೆಯುವ ಸ್ಯೂಡೋಮೊನಾಸ್ ಇವು. ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತವೆ.

ನಾನು ಹೇಳಿದೆ: ಕೊಳೆ ರೋಗವೇ, ಮೆಟಲಾಕ್ಸಿಲ್ ಇನ್ನೊಮ್ಮೆ ಹಾಕಿ, ನೀರು ಬಸಿಯುವ ಹಾಗೆ ಮಾಡಿ.

ಎಂಟನೇ ದಿನ ಫೋನ್ ಬಂತು. ಇನ್ನೂ ಮೂರು ಮಡಿ ಹೋಗಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. "ಒಂದ್ಸಲ ಬಂದು ನೋಡಿ ಮೇಡಂ" ಅಂದರು ಅಷ್ಟೇ.

ಗದ್ದೆಯಲ್ಲಿ

ಮರುದಿನವೇ ಹೋದೆ. ಇಬ್ಬರು ವಿದ್ಯಾರ್ಥಿನಿಯರು ಜೊತೆಗಿದ್ದರು. ಗದ್ದೆ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಮೇಲಿನ ನೀರು ಬಸಿಗಾಲುವೆಯಲ್ಲಿ ಕೆಳಕ್ಕೆ, ಅಲ್ಲಿಂದ ಪಕ್ಕದವರ ಶುಂಠಿಗೆ. ಬಾಡಿದ ಮಡಿಗಳನ್ನು ಕಾಗದದ ಮೇಲೆ ಗುರುತು ಹಾಕಿದೆವು. ಗುರುತುಗಳೆಲ್ಲ ಕಾಲುವೆಯ ದಾರಿ ಹಿಡಿದೇ ಇದ್ದವು.

ರೈತರ ತಾಯಿ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದರು. ಕೊಳೆತ ಬುಡ ಕೀಳುತ್ತಿದ್ದ ನನ್ನನ್ನು ನೋಡಿ, "ಅದು ಸತ್ತು ಹೋದದ್ದು ಮಗಾ. ಅದರಲ್ಲಿ ಏನು ಸಿಗುತ್ತೆ? ನಿನ್ನೆ ಬಾಡಿದ್ದು ಇಲ್ಲಿದೆ ನೋಡು" ಅಂದರು.

ಅವರು ತೋರಿಸಿದ ಗಿಡ ಇನ್ನೂ ಹಸಿರಾಗಿತ್ತು. ಎಲೆಗಳ ಅಂಚು ಹಿಂದಕ್ಕೆ ಸುರುಳಿ ಸುತ್ತಿತ್ತು, ಕಂಚಿನ ಛಾಯೆ ಬಂದಿತ್ತು. ಮಣ್ಣು ಮುಟ್ಟುವ ಜಾಗದಲ್ಲಿ ಕಾಂಡಕ್ಕೆ ನೀರು ಕುಡಿದಂಥ ಕಪ್ಪು ಗೆರೆ. ಮೆದು ಕೊಳೆಯಲ್ಲಿ ಸಾಮಾನ್ಯವಾಗಿ ಕೆಳಗಿನ ಎಲೆಗಳು ತುದಿಯಿಂದ ನಿಧಾನಕ್ಕೆ ಹಳದಿಯಾಗುತ್ತಾ ಬರುತ್ತವೆ. ಇದು ಹಾಗಲ್ಲ. ಬುಡದಲ್ಲಿ ನೀರು ನಿಂತಿದೆ, ಗಿಡ ಮಾತ್ರ ಬಾಯಾರಿ ಸಾಯುತ್ತಿದೆ.

ಮನೆಯಿಂದ ಒಂದು ಗಾಜಿನ ಲೋಟದಲ್ಲಿ ತಿಳಿನೀರು ತರಿಸಿದೆ. ಕಾಂಡದ ಬುಡವನ್ನು ಹರಿತವಾದ ಬ್ಲೇಡಿನಿಂದ ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಬಾಯಿ ಮಾತ್ರ ನೀರಿಗೆ ತಾಗುವಂತೆ ಹಿಡಿದೆ. ಅಲುಗಾಡಿಸಲಿಲ್ಲ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕತ್ತರಿಸಿದ ಜಾಗದಿಂದ ಬಿಳಿ ದಾರ ಇಳಿಯತೊಡಗಿತು. ಹಾಲಿನ ಎಳೆಯ ಹಾಗೆ, ನೇರವಾಗಿ, ಲೋಟದ ತಳದವರೆಗೆ. ವಿದ್ಯಾರ್ಥಿನಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹತ್ತು ನಿಮಿಷಕ್ಕೆ ನೀರು ಮಬ್ಬಾಯಿತು.

ಆ ದಾರದಲ್ಲಿ ಇರುವುದು ಲಕ್ಷಾಂತರ ಬ್ಯಾಕ್ಟೀರಿಯಾ ಮತ್ತು ಅವು ತಯಾರಿಸಿದ ಅಂಟು. ಗಿಡದ ನೀರಿನ ನಾಳಗಳಲ್ಲಿ ಇದೇ ಅಂಟು ತುಂಬಿಕೊಳ್ಳುವುದರಿಂದ ಬೇರಿನ ನೀರು ಎಲೆಗೆ ಏರುವುದಿಲ್ಲ. ನಾವು ದುಂಡಾಣು ಸೊರಗು ರೋಗ ಅಂತ ಕರೆಯುವುದು ಇದನ್ನೇ. ದುಂಡಾಣು ಅನ್ನುವ ಮಾತು ನನಗೆ ಯಾವಾಗಲೂ ಸ್ವಲ್ಪ ಇರುಸುಮುರುಸು. ಈ ಜೀವಿ ದುಂಡಗಿಲ್ಲ, ಸಣ್ಣ ಕಡ್ಡಿಯ ಹಾಗಿದೆ. ಆದರೆ ರೈತರ ನಡುವೆ ಆ ಹೆಸರೇ ನಡೆಯುತ್ತದೆ, ಅದಕ್ಕೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಈಗ ನನ್ನ ಮೊದಲ ತಪ್ಪು ಅರ್ಥವಾಯಿತು. ಗಿಡವನ್ನು ಕೊಂದದ್ದು ಒಂದು ಜೀವಿ. ಸತ್ತ ಮೇಲೆ ತಿನ್ನಲು ಬಂದವು ಹಲವು. ನಾನು ಕತ್ತರಿಸಿದ್ದು ಎರಡನೆಯವರ ಊಟದ ತಟ್ಟೆ. ಪಿಥಿಯಮ್ ಅಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಅದು ಆಮೇಲೆ ಬಂದದ್ದು.

ಆದರೂ ಲೋಟದ ನೀರು ಹೆಸರು ಹೇಳುವುದಿಲ್ಲ. ನಾಳದಲ್ಲಿ ಬ್ಯಾಕ್ಟೀರಿಯಾ ತುಂಬಿದೆ ಅಂತ ಮಾತ್ರ ಹೇಳುತ್ತದೆ. ಹಾಗಾಗಿ ಹೊಸದಾಗಿ ಬಾಡಿದ ಗಿಡಗಳನ್ನು ಆರಿಸಿ, ಒಂದೊಂದನ್ನು ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿಕೊಂಡೆವು. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವರಿ ಕೊಳೆಯುತ್ತದೆ. ಕಾಲುವೆ ನೀರು ಮೂರು ಕಡೆ, ಮಣ್ಣು ನಾಲ್ಕು ಕಡೆ. ಕೊಟ್ಟಿಗೆಯ ಅಟ್ಟದಲ್ಲಿ ನಾಟಿ ಮಾಡಿ ಉಳಿದ ಬಿತ್ತನೆ ಶುಂಠಿ ಸ್ವಲ್ಪ ಇತ್ತು. ಅದನ್ನೂ ತಂದೆವು. ಹೊರಡುವಾಗ ನಮ್ಮ ಬೂಟುಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದೆವು. ಇನ್ನೊಬ್ಬರ ಗದ್ದೆಗೆ ಹೊತ್ತುಕೊಂಡು ಹೋಗುವುದು ಬೇಡ ಅಲ್ವಾ.

ಬೆಳೆಸುವುದು

ಮಡಿಕೇರಿಯಲ್ಲಿ ಮಳೆಗಾಲದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು ಪುಸ್ತಕದಲ್ಲಿ ಬರೆದಷ್ಟು ಸುಲಭ ಅಲ್ಲ. ಒಂದೊಂದೇ ಹೇಳುತ್ತೇನೆ. ನಮ್ಮಂಥ ಸಣ್ಣ ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ಮಾಧ್ಯಮ. ಸೊರಗು ರೋಗದ ಬ್ಯಾಕ್ಟೀರಿಯಾಕ್ಕೆ 1954ರಲ್ಲಿ ಆರ್ಥರ್ ಕೆಲ್ಮನ್ ವಿವರಿಸಿದ ಮಾಧ್ಯಮವೇ ಇವತ್ತಿಗೂ ಕೈಹಿಡಿಯುತ್ತದೆ. ಒಂದು ಲೀಟರ್ ನೀರಿಗೆ ಪೆಪ್ಟೋನ್ 10 ಗ್ರಾಂ, ಗ್ಲೂಕೋಸ್ 5 ಗ್ರಾಂ, ಕೇಸಿನ್ ಹೈಡ್ರೊಲೈಸೇಟ್ 1 ಗ್ರಾಂ, ಅಗರ್ 17 ಗ್ರಾಂ. ಬೇಯಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಟೆಟ್ರಾಝೋಲಿಯಂ ಕ್ಲೋರೈಡ್‌ನ ನೂರಕ್ಕೆ ಒಂದರ ದ್ರಾವಣ 5 ಮಿಲಿಲೀಟರ್ ಸೇರಿಸಬೇಕು. ಈ ಉಪ್ಪಿಗೆ ಮೊದಲು ಬಣ್ಣ ಇಲ್ಲ. ಬದುಕಿರುವ ಬ್ಯಾಕ್ಟೀರಿಯಾ ಅದನ್ನು ಒಳಗೆ ತೆಗೆದುಕೊಂಡರೆ ಕೆಂಪಾಗುತ್ತದೆ.

ಎರಡನೆಯದು ಆಟೋಕ್ಲೇವ್, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ. ಚದರ ಇಂಚಿಗೆ 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆ ಲೆಕ್ಕ ಸಮುದ್ರ ಮಟ್ಟದ್ದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಮುಳ್ಳು 15 ತೋರಿಸಿದರೂ ಒಳಗಿನ ಬಿಸಿ 121ಕ್ಕೆ ಮುಟ್ಟುವುದಿಲ್ಲ, ಒಂದೆರಡು ಡಿಗ್ರಿ ಕೆಳಗೇ ನಿಲ್ಲುತ್ತದೆ. ಅದನ್ನು ಮುಟ್ಟಿಸಲು ಹೆಚ್ಚುಕಮ್ಮಿ 17 ಪೌಂಡ್ ಬೇಕು. ನಮ್ಮ ಹಳೆಯ ಆಟೋಕ್ಲೇವನ್ನು ಅಷ್ಟು ಏರಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ಹೊತ್ತು ಜಾಸ್ತಿ ಮಾಡುತ್ತೇವೆ, 15 ನಿಮಿಷದ ಬದಲು 25. ಜೊತೆಗೆ ಬಿಸಿಗೆ ಬಣ್ಣ ಬದಲಿಸುವ ಪಟ್ಟಿಯನ್ನೂ ಒಳಗೆ ಇಡುತ್ತೇವೆ.

ಮೂರನೆಯದು ಚಳಿ ಮತ್ತು ತೇವ. ಈ ಬ್ಯಾಕ್ಟೀರಿಯಾಕ್ಕೆ 28ರಿಂದ 30 ಡಿಗ್ರಿ ಬೇಕು. ಆ ವಾರ ಪ್ರಯೋಗಾಲಯದ ಒಳಗೆ 19 ಡಿಗ್ರಿ. ಇನ್‌ಕ್ಯುಬೇಟರ್ ಇದೆ, ಕರೆಂಟ್ ಇಲ್ಲ. ಮರ ಬಿದ್ದು ಎರಡು ದಿನ ಲೈನ್ ಹೋಗಿತ್ತು. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಥರ್ಮಾಮೀಟರ್ ಸಿಕ್ಕಿಸಿ, ನಾಲ್ಕು ಗಂಟೆಗೊಮ್ಮೆ ನೀರು ಬದಲಿಸಿದೆವು. ಹಾಸ್ಟೆಲ್ ಹುಡುಗಿಯರು ರಾತ್ರಿ ಪಾಳಿ ಹಂಚಿಕೊಂಡರು. ಪ್ಲೇಟುಗಳನ್ನು ಬೋರಲು ಇಡಲೇಬೇಕು. ಇಲ್ಲದಿದ್ದರೆ ಮುಚ್ಚಳದ ಹನಿ ಬಿದ್ದು ಎಲ್ಲವೂ ಒಂದಕ್ಕೊಂದು ಸೇರಿಹೋಗುತ್ತದೆ. ಬೂಸ್ಟು ಬೇರೆ. ಕಕ್ಕಡದ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಸುರಿದ ಪ್ಲೇಟುಗಳಲ್ಲಿ ಎರಡನ್ನು ಏನೂ ಹಾಕದೆ ಖಾಲಿ ಇಟ್ಟು ನೋಡುವ ಅಭ್ಯಾಸ ನಮ್ಮನ್ನು ಎಷ್ಟೋ ಸಲ ಉಳಿಸಿದೆ. ಖಾಲಿ ಪ್ಲೇಟಿನಲ್ಲಿ ಏನಾದರೂ ಬೆಳೆದರೆ ಆ ಬ್ಯಾಚನ್ನೇ ನಂಬಬಾರದು.

ಕಾಂಡದ ತುಂಡನ್ನು ಈ ಸಲ ಸರಿಯಾದ ಜಾಗದಿಂದ ತೆಗೆದೆವು. ಬಾಡಿದ ಭಾಗ ಮತ್ತು ಚೆನ್ನಾಗಿರುವ ಭಾಗ ಸೇರುವ ಗಡಿಯಲ್ಲಿ. ಗಡಿಯಲ್ಲಿ ಕೊಲ್ಲುವವನು ಮಾತ್ರ ಇರುತ್ತಾನೆ, ತಿನ್ನಲು ಬರುವವರು ಇನ್ನೂ ಬಂದಿರುವುದಿಲ್ಲ. ನೂರಕ್ಕೆ ಒಂದರ ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಒಂದು ನಿಮಿಷ, ಆಮೇಲೆ ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಹನಿ ನೀರಿನಲ್ಲಿ ಸಣ್ಣಗೆ ಕತ್ತರಿಸಿ ಹತ್ತು ನಿಮಿಷ ಬಿಟ್ಟೆವು. ಬ್ಯಾಕ್ಟೀರಿಯಾ ನೀರಿಗೆ ಇಳಿದು ಬರಲು ಅಷ್ಟು ಹೊತ್ತು ಕೊಡಬೇಕು. ಆ ನೀರನ್ನು ಲೂಪಿನಲ್ಲಿ (ತುದಿ ಸುತ್ತಿದ ತಂತಿ) ತೆಗೆದು ಪ್ಲೇಟಿನ ನಾಲ್ಕು ಭಾಗದಲ್ಲಿ ಗೆರೆ ಎಳೆದೆವು. ಒಂದೊಂದು ಭಾಗಕ್ಕೆ ಹೋಗುವ ಮುಂಚೆ ಲೂಪನ್ನು ಕೆಂಪಗೆ ಕಾಯಿಸಿ ಆರಿಸಬೇಕು. ಕೊನೆಯ ಭಾಗದಲ್ಲಿ ಬ್ಯಾಕ್ಟೀರಿಯಾ ಒಂಟಿ ಒಂಟಿಯಾಗಿ ಬೀಳುತ್ತವೆ. ಒಂಟಿಯಾಗಿ ಬಿದ್ದದ್ದು ಬೆಳೆದು ಗುಡ್ಡೆಯಾದರೆ ಅದೆಲ್ಲ ಒಂದೇ ಸಂತಾನ.

ಮೊದಲ ದಿನ ಏನೂ ಕಾಣಲಿಲ್ಲ. ಇದು ನಿಧಾನದ ಜೀವಿ. ನಲವತ್ತೆಂಟು ಗಂಟೆ ಕಳೆದು ಪೆಟ್ಟಿಗೆ ತೆಗೆದಾಗ ಪ್ಲೇಟಿನ ಮೇಲೆ ಬಿಳಿ ಗುಡ್ಡೆಗಳಿದ್ದವು. ಅಂಚು ಒಂದು ಆಕಾರಕ್ಕೆ ನಿಲ್ಲದ್ದು, ಮೈ ನೀರುನೀರು, ನಡುವೆ ನಸುಗುಲಾಬಿ. ಪ್ಲೇಟು ಓರೆ ಮಾಡಿದರೆ ಹರಿಯುತ್ತಿದ್ದವು. ಲೋಟದಲ್ಲಿ ದಾರವಾಗಿ ಇಳಿದ ಅಂಟೇ ಇಲ್ಲಿ ಗುಡ್ಡೆಯ ಬಿಳಿ ಅಂಚಾಗಿತ್ತು. ಅಂಟು ಜಾಸ್ತಿ ಇರುವುದರಿಂದ ಕೆಂಪು ಬಣ್ಣ ನಡುವೆ ಮಾತ್ರ ಕಾಣುತ್ತದೆ.

ಇಲ್ಲಿ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಕರೆಂಟ್ ಇಲ್ಲದ ದಿನಗಳಲ್ಲಿ ಸಾಯಬಾರದು ಅಂತ ಒಬ್ಬ ವಿದ್ಯಾರ್ಥಿನಿ ಅದನ್ನು ಪ್ಲೇಟಿನಿಂದ ಪ್ಲೇಟಿಗೆ ಮತ್ತೆ ಮತ್ತೆ ದಾಟಿಸುತ್ತಿದ್ದಳು. ಕಾಳಜಿಯಿಂದಲೇ ಮಾಡಿದ್ದು. ನಾಲ್ಕನೇ ಪ್ಲೇಟಿನಲ್ಲಿ ಸಣ್ಣ, ಗುಂಡಗಿನ, ಕಡುಗೆಂಪು ಗುಡ್ಡೆಗಳು ಕಾಣಿಸಿಕೊಂಡವು. "ಬೇರೆ ಯಾವುದೋ ಸೇರಿಕೊಂಡಿದೆ ಮೇಡಂ" ಅಂತ ಅಳುಮುಖ ಮಾಡಿದಳು. ಬೇರೆ ಅಲ್ಲ. ಅದೇ ಬ್ಯಾಕ್ಟೀರಿಯಾ ಅಂಟು ಮಾಡುವುದನ್ನು ಬಿಟ್ಟಿತ್ತು. ಪ್ರಯೋಗಾಲಯದ ಸುಖದ ಊಟದಲ್ಲಿ ಇದು ಹೀಗೆ ಬದಲಾಗುತ್ತದೆ, ಅಂಟು ಹೋದರೆ ರೋಗ ತರುವ ಶಕ್ತಿಯೂ ಹೋಗುತ್ತದೆ. ಕೆಲ್ಮನ್ ಮಾಧ್ಯಮದ ದೊಡ್ಡ ಉಪಕಾರ ಈ ಎರಡನ್ನೂ ಕಣ್ಣಿಗೇ ತೋರಿಸುವುದು. ಅದೃಷ್ಟಕ್ಕೆ ಮೊದಲ ಪ್ಲೇಟಿನ ಬಿಳಿ ಗುಡ್ಡೆಯನ್ನು ಬರೀ ಶುದ್ಧ ಭಟ್ಟಿನೀರಿನ ಸಣ್ಣ ಸೀಸೆಯಲ್ಲಿ ಕದಡಿ ಇಟ್ಟಿದ್ದೆವು. ಊಟ ಇಲ್ಲ, ಫ್ರಿಜ್ ಬೇಡ. ಕೋಣೆಯ ಮೂಲೆಯಲ್ಲಿ ಸುಮ್ನೆ ಇಟ್ಟರೆ ವರ್ಷಗಟ್ಟಲೆ ಬದುಕುತ್ತದೆ, ಗುಣವನ್ನೂ ಉಳಿಸಿಕೊಳ್ಳುತ್ತದೆ. ಮುಂದಿನ ಕೆಲಸಕ್ಕೆಲ್ಲ ಆ ಸೀಸೆಯಿಂದಲೇ ತೆಗೆದೆವು. (ಬರೀ ನೀರಿನಲ್ಲಿ ಇಷ್ಟು ದಿನ ಬದುಕುತ್ತದೆ ಅಂದ ಮೇಲೆ ಗದ್ದೆಯ ಕಾಲುವೆಯಲ್ಲಿ ಏನು ಮಾಡೀತು ಅಂತ ಯೋಚಿಸಿ.)

ಹೆಸರು ಹಿಡಿಯುವುದು

1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಪ್ರಕಟಿಸಿದ ಬಣ್ಣದ ಪರೀಕ್ಷೆಯಿಂದ ಶುರು. ನಮ್ಮದು ಗುಲಾಬಿ ಬಣ್ಣದ ಸಣ್ಣ ಕಡ್ಡಿಗಳು, ಅಂದರೆ ಗ್ರಾಮ್ ನೆಗೆಟಿವ್ (ಮೊದಲು ಹಾಕುವ ನೇರಳೆ ಬಣ್ಣವನ್ನು ಹಿಡಿದುಕೊಳ್ಳದ ಗುಂಪು). ಖಾತ್ರಿಗೆ ನೂರಕ್ಕೆ ಮೂರರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿಯಲ್ಲಿ ಗುಡ್ಡೆಯನ್ನು ಕಲಸಿ ಲೂಪ್ ಎತ್ತಿದೆವು. ಲೋಳೆಯ ದಾರ ಎದ್ದು ಬಂತು. ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾದ ಹೊದಿಕೆ ಕ್ಷಾರದಲ್ಲಿ ಒಡೆದು ಒಳಗಿನ ಡಿಎನ್‌ಎ ಹೊರಗೆ ಬರುವುದರಿಂದ ಈ ದಾರ. ಒಂದು ನಿಮಿಷದ ಕೆಲಸ.

ಆಕ್ಸಿಡೇಸ್ ಅನ್ನುವ ಕಿಣ್ವದ ಪರೀಕ್ಷೆಯಲ್ಲಿ ಕಾಗದ ಕೆಲವೇ ಕ್ಷಣದಲ್ಲಿ ನೇರಳೆಯಾಯಿತು. ಇದಕ್ಕೆ ಹಲ್ಲುಕಡ್ಡಿ ಬಳಸಿ. ನಿಕ್ರೋಮ್ ಲೂಪಿನ ಲೋಹವೇ ಕಾಗದವನ್ನು ನೇರಳೆ ಮಾಡಿ ಮೋಸ ಮಾಡುತ್ತದೆ. ಕೆಟಲೇಸ್ ಅನ್ನುವ ಇನ್ನೊಂದು ಕಿಣ್ವ ಕೂಡ ಇತ್ತು. ಕಿಂಗ್ಸ್ ಬಿ ಮೇಲೆ ಹೊಳಪು ಇಲ್ಲ, ಹಾಗಾಗಿ ಮೊದಲ ಸುತ್ತಿನಲ್ಲಿ ಸಿಕ್ಕ ಸ್ಯೂಡೋಮೊನಾಸ್ ಇದಲ್ಲ. ಸೂಡಾನ್ ಬ್ಲ್ಯಾಕ್ ಬಣ್ಣ ಹಾಕಿದರೆ ಕಡ್ಡಿಗಳ ಒಳಗೆ ಕಪ್ಪು ಚುಕ್ಕಿ ಕಂಡವು. ಅದು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ಕೂಡಿಟ್ಟುಕೊಳ್ಳುವ ಕೊಬ್ಬಿನಂಥ ಪದಾರ್ಥ.

ಆಮೇಲೆ ಹೇವರ್ಡ್ ಅನ್ನುವ ವಿಜ್ಞಾನಿ 1964ರಲ್ಲಿ ತೋರಿಸಿಕೊಟ್ಟ ಸಕ್ಕರೆಗಳ ಪರೀಕ್ಷೆ. ಮಾಲ್ಟೋಸ್, ಲ್ಯಾಕ್ಟೋಸ್, ಸೆಲ್ಲೊಬಯೋಸ್ ಒಂದು ಕಡೆ, ಮ್ಯಾನಿಟಾಲ್, ಸಾರ್ಬಿಟಾಲ್, ಡಲ್ಸಿಟಾಲ್ ಇನ್ನೊಂದು ಕಡೆ. ಬ್ರೋಮೊಥೈಮಾಲ್ ನೀಲಿ ಹಾಕಿದ ಹಸಿರು ಟ್ಯೂಬುಗಳು. ಬ್ಯಾಕ್ಟೀರಿಯಾ ಸಕ್ಕರೆಯನ್ನು ಬಳಸಿಕೊಂಡರೆ ಹುಳಿಯಾಗಿ ಹಳದಿಗೆ ತಿರುಗುತ್ತವೆ. ಬರೀ ಮೊದಲ ಮೂರು ಹಳದಿಯಾದರೆ ಬಯೋವಾರ್ (ಒಂದೇ ಬ್ಯಾಕ್ಟೀರಿಯಾದ ಒಳಗಿನ ಬಗೆ) 2, ಬರೀ ಕೊನೆಯ ಮೂರಾದರೆ 4, ಯಾವುದೂ ಆಗದಿದ್ದರೆ 1. ನಮ್ಮ ಟ್ಯೂಬುಗಳು ಒಂದೊಂದಾಗಿ ಎರಡು ವಾರದಲ್ಲಿ ಆರೂ ಹಳದಿಯಾದವು. ಅದು ಬಯೋವಾರ್ 3. ನಮ್ಮ ದೇಶದ ಶುಂಠಿಯಲ್ಲಿ ಹೆಚ್ಚಾಗಿ ಸಿಗುವುದು ಇದೇ.

ಡಿಎನ್‌ಎಯ ಬೇಕಾದ ತುಂಡನ್ನು ಪ್ರತಿ ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರ ನಮ್ಮಲ್ಲಿ ಇಲ್ಲ. ಪರಿಚಯದ ಒಂದು ದೊಡ್ಡ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದೆ. 759 ಮತ್ತು 760 ಅನ್ನುವ ಪ್ರೈಮರ್ (ಆ ತುಂಡಿನ ಎರಡು ತುದಿಯನ್ನು ಗುರುತಿಸುವ ಸಣ್ಣ ಡಿಎನ್‌ಎ) ಜೋಡಿಗೆ 280 ಅಕ್ಷರ ಉದ್ದದ ಪಟ್ಟಿ ಬಂತು. ರಾಲ್ಸ್ಟೋನಿಯಾ ಗುಂಪು ಅನ್ನುವುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಇದನ್ನು ಮೊದಲು ವಿವರಿಸಿದ್ದು. ಬಹಳ ಕಾಲ ಸ್ಯೂಡೋಮೊನಾಸ್ ಅಂತ ಕರೆದರು, ಸ್ವಲ್ಪ ಕಾಲ ಬರ್ಕೋಲ್ಡೇರಿಯಾ, 1995ರಿಂದ ರಾಲ್ಸ್ಟೋನಿಯಾ. ಹಳೆಯ ಪುಸ್ತಕ ಓದುವವರು ಈ ಮೂರು ಹೆಸರೂ ಈ ಒಂದು ಜೀವಿಗೆ ಇಟ್ಟದ್ದು ಅಂತ ನೆನಪಿಡಿ.

ಹೆಸರು ಸಿಕ್ಕರೂ ಒಂದು ಪ್ರಶ್ನೆ ಉಳಿಯಿತು. ಪಿಥಿಯಮ್ ಕೂಡ ಸಿಕ್ಕಿತ್ತಲ್ಲ. ಕೊಂದದ್ದು ಇದೇ ಅಂತ ಹೇಗೆ ಹೇಳುವುದು? ಇದಕ್ಕೆ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಹಾಕಿಕೊಟ್ಟ ದಾರಿಯೇ ದಾರಿ. ಗಿಡದಿಂದ ತೆಗೆದು ಶುದ್ಧವಾಗಿ ಬೆಳೆಸು, ಆರೋಗ್ಯದ ಗಿಡಕ್ಕೆ ಹಾಕು, ಅದೇ ರೋಗ ಬರಬೇಕು, ಅದರಿಂದ ಅದೇ ಜೀವಿ ಮತ್ತೆ ಸಿಗಬೇಕು. ಹನ್ನೆರಡು ಕುಂಡದಲ್ಲಿ ಬೇಯಿಸಿದ ಮಣ್ಣು ತುಂಬಿ, ಬೇರೆ ಊರಿನ ಚೆನ್ನಾಗಿದ್ದ ಶುಂಠಿಯ ಸಸಿ ನೆಟ್ಟೆವು. ನಾಲ್ಕಕ್ಕೆ ಸೀಸೆಯಿಂದ ಬೆಳೆಸಿದ ಬಿಳಿ ಗುಡ್ಡೆಯ ನೀರು, ಮಿಲಿಲೀಟರಿಗೆ ಸುಮಾರು ಹತ್ತು ಕೋಟಿ ಬ್ಯಾಕ್ಟೀರಿಯಾ ಇರುವಂತೆ. ನಾಲ್ಕಕ್ಕೆ ಕಡುಗೆಂಪು ಗುಡ್ಡೆಯದು. ನಾಲ್ಕಕ್ಕೆ ಬರೀ ನೀರು. ಬಿಸಿ ಇರಲಿ ಅಂತ ಬಲ್ಬ್ ಹಾಕಿದ ಪ್ಲಾಸ್ಟಿಕ್ ಗೂಡಿನಲ್ಲಿ ಇಟ್ಟೆವು. ಒಂಬತ್ತನೇ ದಿನ ಬಿಳಿಯ ನಾಲ್ಕರಲ್ಲಿ ಮೂರು ಬಾಡಿದವು, ನಾಲ್ಕನೆಯದು ಹದಿಮೂರನೇ ದಿನ. ಉಳಿದ ಎಂಟೂ ನೆಟ್ಟಗೆ ನಿಂತಿದ್ದವು. ಬಾಡಿದವನ್ನು ಕತ್ತರಿಸಿ ಲೋಟಕ್ಕೆ ಹಿಡಿದಾಗ ಮತ್ತೆ ಅದೇ ಬಿಳಿ ದಾರ. ಪ್ಲೇಟಿನಲ್ಲಿ ಮತ್ತೆ ಅದೇ ನಸುಗುಲಾಬಿ ನಡು.

ಅಳುಮುಖ ಮಾಡಿದ್ದ ಹುಡುಗಿ ಆ ದಿನ ಕಡುಗೆಂಪಿನ ನಾಲ್ಕು ಕುಂಡಗಳ ಮುಂದೆ ತುಂಬ ಹೊತ್ತು ನಿಂತಿದ್ದಳು.

ಎಲ್ಲಿಂದ ಬಂತು

ಕುಂಡಗಳು ಗೂಡಿನಲ್ಲಿ ಇದ್ದಾಗಲೇ ನೀರು, ಮಣ್ಣು, ಉಳಿದ ಬಿತ್ತನೆ ಶುಂಠಿಯನ್ನೂ ನೋಡಿದೆವು. ಮಣ್ಣಿನಲ್ಲಿ ಸಾವಿರಾರು ಬಗೆ ಇರುವುದರಿಂದ ಕೆಲ್ಮನ್ ಮಾಧ್ಯಮ ಒಂದೇ ಸಾಲದು. ಅದಕ್ಕೆ ಕ್ರಿಸ್ಟಲ್ ವಯೊಲೆಟ್, ಪಾಲಿಮಿಕ್ಸಿನ್, ಬ್ಯಾಸಿಟ್ರಾಸಿನ್, ಕ್ಲೋರಂಫೆನಿಕಾಲ್, ಪೆನಿಸಿಲಿನ್, ಬೂಸ್ಟು ತಡೆಯಲು ಸೈಕ್ಲೊಹೆಕ್ಸಮೈಡ್ ಸೇರಿಸಿದ ಮಾಧ್ಯಮ ಇದೆ. ಬೇರೆಯವರನ್ನು ತಡೆದು ಇದನ್ನು ಮಾತ್ರ ಬಿಟ್ಟುಕೊಡುವ ಬಾಗಿಲು ಅದು. ಒಂದು ಗ್ರಾಂ ಮಣ್ಣನ್ನು ನೀರಿನಲ್ಲಿ ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡುತ್ತಾ ಹೋಗಿ ಪ್ಲೇಟಿಗೆ ಹಚ್ಚಿದೆವು.

ಮೇಲಿನಿಂದ ಗದ್ದೆಗೆ ಬರುವ ನೀರಿನಲ್ಲಿ ಆ ಬಗೆಯ ಗುಡ್ಡೆ ಇರಲಿಲ್ಲ. ಗದ್ದೆಯ ನಡುವಿನ ಕಾಲುವೆಯಲ್ಲಿ ಇತ್ತು. ಪಕ್ಕದವರ ಗದ್ದೆಗೆ ಇಳಿಯುವ ಬಾಯಿಯಲ್ಲೂ ಇತ್ತು. ಅಟ್ಟದ ಬಿತ್ತನೆ ಶುಂಠಿಯ ಹತ್ತು ತುಂಡಿನಲ್ಲಿ ಎರಡರಲ್ಲಿ ಇತ್ತು. ಆ ಎರಡೂ ಹೊರಗಿನಿಂದ ನೋಡಿದರೆ ಉಳಿದ ಎಂಟರಷ್ಟೇ ಚೆನ್ನಾಗಿದ್ದವು.

ಅಂದರೆ ಮೊದಲು ಬಂದದ್ದು ಬಿತ್ತನೆಯ ಜೊತೆ. ಹರಡಿದ್ದು ನೀರಿನಲ್ಲಿ. ರೈತರಿಗೆ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು ಔಷಧಿಯ ಬಗ್ಗೆ ಅಲ್ಲ. "ಪಕ್ಕದವರಿಗೆ ಹೇಳಬೇಕಾ ಮೇಡಂ? ಹೇಳಿದರೆ ನನ್ನ ಶುಂಠಿಗೆ ವ್ಯಾಪಾರಿ ಬರಲ್ಲ." ನನಗೆ ತಕ್ಷಣ ಮಾತು ಹೊರಡಲಿಲ್ಲ. ಫೋನಿನ ಆಚೆ ಅವರ ತಾಯಿಯ ದನಿ ಕೇಳಿಸಿತು: "ನೀರು ನಾವು ಹೇಳಿದರೂ ಹೋಗುತ್ತೆ, ಹೇಳದಿದ್ದರೂ ಹೋಗುತ್ತೆ. ಹೇಳಿ ಬಿಡು." ಅವತ್ತೇ ಸಂಜೆ ಹೇಳಿದರಂತೆ.

ತಡೆಯುವುದು

ಔಷಧಿಯ ಬಗ್ಗೆ ಅವರ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಪ್ಲೇಟಿನಲ್ಲೇ ಉತ್ತರ ತೋರಿಸಬೇಕು ಅನ್ನಿಸಿತು. ಬ್ಯಾಕ್ಟೀರಿಯಾವನ್ನು ಪ್ಲೇಟಿನ ತುಂಬ ಸಮನಾಗಿ ಹಚ್ಚಿ, ಅವರು ಹಾಕಿದ್ದ ಔಷಧಿಗಳಲ್ಲೂ ಸ್ಟ್ರೆಪ್ಟೊಮೈಸಿನ್ ಅನ್ನುವ ಆಂಟಿಬಯೋಟಿಕ್‌ನಲ್ಲೂ ಅದ್ದಿದ ಕಾಗದದ ಬಿಲ್ಲೆಗಳನ್ನು ಇಟ್ಟೆವು. ಎರಡು ದಿನದ ಮೇಲೆ ಅವರನ್ನೇ ಕರೆಸಿ ತೋರಿಸಿದೆ. ಮೆಟಲಾಕ್ಸಿಲ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ತಾಮ್ರದ ಬಿಲ್ಲೆಯ ಸುತ್ತ ಸಣ್ಣ ಖಾಲಿ ಉಂಗುರ. ಸ್ಟ್ರೆಪ್ಟೊಮೈಸಿನ್ ಸುತ್ತ ದೊಡ್ಡ ಉಂಗುರ.

ಅವರು ದೊಡ್ಡ ಉಂಗುರದ ಮೇಲೆ ಬೆರಳಿಟ್ಟು, "ಇದನ್ನೇ ಹಾಕೋಣ" ಅಂದರು. ಯಾರಾದರೂ ಹಾಗೇ ಅನ್ನುತ್ತಾರೆ. ಆದರೆ ಪ್ಲೇಟಿನಲ್ಲಿ ಔಷಧಿ ಬ್ಯಾಕ್ಟೀರಿಯಾದ ಪಕ್ಕದಲ್ಲೇ ಇದೆ. ಗದ್ದೆಯಲ್ಲಿ ಬ್ಯಾಕ್ಟೀರಿಯಾ ಗಿಡದ ನಾಳದ ಒಳಗೆ, ಗೆಡ್ಡೆಯ ಒಳಗೆ, ಮಣ್ಣಿನ ಆಳದಲ್ಲಿ. ಸುರಿದ ಔಷಧಿಯನ್ನು ಮಣ್ಣು ಹಿಡಿದುಕೊಳ್ಳುತ್ತದೆ, ಮಳೆ ತೊಳೆಯುತ್ತದೆ. ತಾಮ್ರಕ್ಕೂ ಇದೇ ಗತಿ. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯಕ್ಕೆ ಬಳಸುವ ಔಷಧಿಯೂ ಹೌದು. ಅದನ್ನು ಎಕರೆಗಟ್ಟಲೆ ಮಣ್ಣಿಗೆ ಸುರಿದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ನಾವೇ ಸಾಕಿದ ಹಾಗೆ. ನಾನು ಬೇಡವೇ ಬೇಡ ಅಂದೆ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಬಾಡಿದ ಬುಡಗಳನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು, ಗದ್ದೆಯ ಹೊರಗೆ ಗುಂಡಿಯಲ್ಲಿ ಬ್ಲೀಚಿಂಗ್ ಪುಡಿ ಹಾಕಿ ಹೂತರು. ಕಾಲುವೆಯನ್ನು ಕೆಟ್ಟ ಮಡಿಗಳಿಗಿಂತ ಮೇಲೆ ಮುರಿದು, ಒಳ್ಳೆಯ ಮಡಿಗಳ ನೀರನ್ನು ಬೇರೆ ದಾರಿಯಲ್ಲಿ ಬಿಟ್ಟರು. ಪಕ್ಕದವರೂ ತಮ್ಮ ಬಾಯಿಗೆ ಮಣ್ಣು ಕಟ್ಟಿ, ಎರಡೂ ಮನೆಯವರು ಸೇರಿ ಬದುವಿನ ಆಚೆ ಹೊಸ ಚರಂಡಿ ತೋಡಿದರು. ಮಳೆಯಲ್ಲೇ, ಎರಡು ದಿನ. ಒಳ್ಳೆಯ ಮಡಿಯ ಕೆಲಸ ಮೊದಲು, ಕೆಟ್ಟ ಮಡಿಯ ಕೆಲಸ ಕೊನೆಗೆ, ಗುದ್ದಲಿ ತೊಳೆಯದೆ ವಾಪಸ್ ಬರುವ ಹಾಗಿಲ್ಲ. ಮೇಲಿನ ಅರ್ಧ ಗದ್ದೆ ಉಳಿಯಿತು. ಕೆಳಗಿನ ಅರ್ಧದಲ್ಲಿ ಮಾರುವಂಥದ್ದು ಸಿಗಲಿಲ್ಲ. ಪಕ್ಕದವರಿಗೆ ಎರಡು ಮಡಿ ಮಾತ್ರ ಹೋಯಿತು.

ನಮ್ಮ ಕಡೆಯ ಕೆಲಸವೂ ಇತ್ತು. ಅಷ್ಟೂ ಪ್ಲೇಟು, ಟ್ಯೂಬು, ಕುಂಡದ ಮಣ್ಣನ್ನು ಆಟೋಕ್ಲೇವ್ ಮಾಡದೆ ಹೊರಗೆ ಹಾಕಲಿಲ್ಲ. ನಮ್ಮ ಪ್ರಯೋಗಾಲಯದ ಮೋರಿ ಕೂಡ ಕೊನೆಗೆ ಯಾರದೋ ಗದ್ದೆಗೇ ಹೋಗಿ ಸೇರುತ್ತದೆ.

ಡಿಸೆಂಬರ್‌ನಲ್ಲಿ ಮೇಲಿನ ಗದ್ದೆಯ ಶುಂಠಿ ಕಿತ್ತರು. ಗೆಡ್ಡೆ ದಪ್ಪವಾಗಿ, ನೋಡಲು ಚೆನ್ನಾಗಿತ್ತು. ಬಿತ್ತನೆಗೆ ಕೊಡಿ ಅಂತ ಇಬ್ಬರು ಬಂದಿದ್ದರಂತೆ, ಮಾರುಕಟ್ಟೆಗಿಂತ ಜಾಸ್ತಿ ಬೆಲೆಗೆ. ಕೊಡಲಿಲ್ಲ. ಅರವತ್ತು ಕೆಜಿಯ ಮೂಟೆ ಕಟ್ಟಿ ಎಲ್ಲವನ್ನೂ ಅಡುಗೆಯ ಶುಂಠಿಗೆ ಕಳಿಸಿದರು. ಈ ಬ್ಯಾಕ್ಟೀರಿಯಾ ಗಿಡದ ರೋಗ, ತಿನ್ನುವವರಿಗೆ ಏನೂ ಮಾಡುವುದಿಲ್ಲ.

ಕೆಟ್ಟ ಗದ್ದೆಯಲ್ಲಿ ಈ ಮಳೆಗಾಲ ಮತ್ತೆ ಭತ್ತ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಕೆಲವು ವರ್ಷ ಬೇಡ ಅಂತ ಹೇಳಿದ್ದೇನೆ. ಈ ಗುಂಪಿನ ಬ್ಯಾಕ್ಟೀರಿಯಾ ಅವುಗಳಿಗೂ ಬರುತ್ತದೆ. ಶನಿವಾರಸಂತೆ ಕಡೆ ಭತ್ತ ಕೊಯ್ದ ಮೇಲೆ ಹಸಿಮೆಣಸು ಹಾಕುವುದು ರೂಢಿ, ಹಾಗಾಗಿ ಅದನ್ನು ಬಿಡುವುದು ಸಣ್ಣ ಮಾತಲ್ಲ. ಇನ್ನೊಂದು ಸಣ್ಣ ತುಂಡು ಜಮೀನಿನಲ್ಲಿ ಮಣ್ಣನ್ನು ಬಿಸಿಲಿಗೆ ಕಾಯಿಸಿ ನೋಡಿದರು. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶುಂಠಿಗೆ ಹೇಳುವ ಕ್ರಮ ಅದು. ಮಣ್ಣು ಒದ್ದೆ ಮಾಡಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಸಿ, ಅಂಚು ಮುಚ್ಚಿ ನಲವತ್ತೈದು ದಿನ ಬಿಡುವುದು. ಕೊಡಗಿನಲ್ಲಿ ಇದಕ್ಕೆ ಸಿಗುವ ಬಿಡುವು ಚಿಕ್ಕದು. ಜನವರಿ ಕೊನೆಗೇ ಹಾಸಿ, ಕಾಫಿಯ ಹೂ ಮಳೆ ಬಲವಾಗುವ ಮುಂಚೆ ತೆಗೆಯಬೇಕು.

ಮಾರ್ಚ್‌ನಲ್ಲಿ ಅವರು ಮತ್ತೆ ಬಂದರು. 

ಈ ಸಲವೂ ಗೋಣಿಚೀಲ. ಒಳಗೆ ಎರಡು ಕಡೆಯ ಬಿತ್ತನೆ ಶುಂಠಿಯ ಮಾದರಿ, ಬೇರೆ ಬೇರೆ ಗಂಟು ಕಟ್ಟಿ, ಚೀಟಿ ಅಂಟಿಸಿ. ಕೊಳ್ಳುವ ಮುಂಚೆಯೇ ತಂದಿದ್ದರು. ಒಳಗೆ ಅಡಗಿರುವುದು ಮಾತಾಡಲಿ ಅಂತ ಗೆಡ್ಡೆಗಳನ್ನು ಹತ್ತು ದಿನ ತೇವ ಮಾಡಿ 30 ಡಿಗ್ರಿಯಲ್ಲಿ ಇಟ್ಟೆವು. ಆಮೇಲೆ ಕತ್ತರಿಸಿ, ಜಜ್ಜಿ, ಪ್ಲೇಟಿಗೆ ಹಚ್ಚಿದೆವು. ಒಂದು ಗಂಟಿನಲ್ಲಿ ನಸುಗುಲಾಬಿ ನಡುವಿನ ಬಿಳಿ ಗುಡ್ಡೆ ಬಂತು. ಇನ್ನೊಂದರಲ್ಲಿ ಬರಲಿಲ್ಲ. ಇಪ್ಪತ್ತು ಗೆಡ್ಡೆಯಲ್ಲಿ ಇಲ್ಲ ಅಂದರೆ ಇಡೀ ರಾಶಿಯಲ್ಲಿ ಇಲ್ಲ ಅಂತ ಅಲ್ಲ ಅನ್ನುವುದನ್ನೂ ಬಿಡಿಸಿ ಹೇಳಿದೆ. "ಗೊತ್ತು ಮೇಡಂ" ಅಂದರು. "ಅದಕ್ಕೆ ಈ ಸಲ ಕಾಲು ಎಕರೆ ಮಾತ್ರ. ಬಿಸಿಲಿಗೆ ಕಾಯಿಸಿದ ಆ ತುಂಡು ಜಮೀನಿನಲ್ಲಿ, ಎಲ್ಲದಕ್ಕಿಂತ ಕೆಳಗಿನ ಮೂಲೆಯಲ್ಲಿ. ಅಲ್ಲಿಂದ ನೀರು ಯಾರ ಗದ್ದೆಗೂ ಹೋಗಲ್ಲ."